ಹತ್ತುವುದಕ್ಕೆ ಫೋರ್ ಬೈ ಫೋರ್, ಇಳಿಯುವುದಕ್ಕೆ ಏನು?

ಪ್ರಶ್ನೆ: ನಾನು ಮದ್ದೂರಿನ ಹತ್ತಿರದ ಹಳ್ಳಿಯವನು. ಕಳೆದ ವರ್ಷ ಡೀಸೆಲ್ ಥಾರ್ ತೆಗೆದುಕೊಂಡೆ. ಫೋರ್ ಬೈ ಫೋರ್, ಮ್ಯಾನುಯಲ್ ಗೇರಿನದು. ಗದ್ದೆಬಯಲಿನ ಕೆಸರಿನಲ್ಲಿ, ಮಳೆಗಾಲದ ಕೊಡಗಿನಲ್ಲಿ ಓಡಿಸಿದ್ದೇನೆ, ಎಲ್ಲಿಯೂ ಸಿಕ್ಕಿಬಿದ್ದಿಲ್ಲ. ಬರುವ ಜನವರಿಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಇದೇ ವಾಹನದಲ್ಲಿ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ ಆಚೆಯ ಸಿಸ್ಸು ಹಳ್ಳಿಯವರೆಗೆ ಹೋಗುವ ಆಸೆ. ಹಿಮದಲ್ಲಿ ಒಮ್ಮೆಯೂ ಓಡಿಸಿಲ್ಲ. ಫೋರ್ ಬೈ ಫೋರ್ ಇದ್ದರೆ ಟಯರಿಗೆ ಕಟ್ಟುವ ಚೈನ್ ಗೀನ್ ಏನೂ ಬೇಡ ಎನ್ನುತ್ತಾನೆ ನನ್ನ ಭಾವಮೈದುನ. 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ವೇಗ) ಓಡಿಸಬೇಕೋ 4ಎಲ್‌ನಲ್ಲೋ (ನಾಲ್ಕೂ ಚಕ್ರಕ್ಕೆ ಹೆಚ್ಚು ಬಲ, ನಿಧಾನ ವೇಗ)? ಟಯರ್ ಬದಲಿಸಬೇಕೇ? ಹೊರಡುವ ಮುನ್ನ ಗ್ಯಾರೇಜಿನಲ್ಲಿ ಏನೇನು ಮಾಡಿಸಬೇಕು? ಇಲ್ಲ, ಅಲ್ಲೇ ಟ್ಯಾಕ್ಸಿ ಮಾಡಿಕೊಳ್ಳುವುದು ಒಳ್ಳೆಯದೇ, ಸರ್?

ಉತ್ತರ: ನಿಮ್ಮ ಭಾವಮೈದುನ ಹೇಳಿದ್ದರಲ್ಲಿ ಅರ್ಧ ಸರಿ. ಆ ಅರ್ಧ ಏರುದಾರಿಗೆ ಸೇರಿದ್ದು. ಹಿಮದ ಮೇಲೆ ನಿಂತಲ್ಲಿಂದ ಹೊರಡುವುದಕ್ಕೆ, ದಿಬ್ಬ ಹತ್ತುವುದಕ್ಕೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ವಾಹನಕ್ಕೆ ಸಾಟಿಯಿಲ್ಲ. ಎರಡೇ ಚಕ್ರ ಎಳೆಯುವ ಕಾರು ಇದ್ದಲ್ಲೇ ಚಕ್ರ ತಿರುಗಿಸುತ್ತಾ ಒದ್ದಾಡುವ ಜಾಗದಲ್ಲಿ ನೀವು ಸಲೀಸಾಗಿ ದಾಟಿ ಹೋಗುತ್ತೀರಿ. ಆದರೆ ವಾಹನವನ್ನು ನಿಲ್ಲಿಸುವುದು ಬ್ರೇಕು. ಬ್ರೇಕಿನ ಲೆಕ್ಕದಲ್ಲಿ ಆಲ್ಟೊಗೂ ನಾಲ್ಕು ಚಕ್ರ, ಥಾರ್‌ಗೂ ನಾಲ್ಕೇ ಚಕ್ರ. ಅಲ್ಲಿ ನೀವು ಹೆಚ್ಚು ಹಣ ಕೊಟ್ಟು ಕೊಂಡದ್ದು ಏನೂ ಇಲ್ಲ. ಭಾರದ ಗಾಡಿ ನೆಲವನ್ನು ಚೆನ್ನಾಗಿ ಕಚ್ಚಿಕೊಂಡು ನಿಲ್ಲುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುವುದು ನಿಜ, ಆದರೆ ತಡೆಯಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಎರಡೂ ಸರಿಸಮವಾಗಿ ಲೆಕ್ಕ ಚುಕ್ತಾ.

ಅಂಕಿಗಳಲ್ಲೇ ನೋಡಿ. ಒಣಗಿದ ಡಾಂಬರು ರಸ್ತೆಯ ಮೇಲೆ ಟಯರಿನ ಘರ್ಷಣಾ ಗುಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.7. ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಅದು 0.2ರ ಆಸುಪಾಸಿಗೆ ಇಳಿಯುತ್ತದೆ, ನೀರ್ಗಲ್ಲಿನ (ಹೆಪ್ಪುಗಟ್ಟಿದ ನೀರಿನ) ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ಬ್ರೇಕ್ ಒತ್ತಿದಿರಿ ಎನ್ನಿ. ಒಣ ರಸ್ತೆಯಲ್ಲಿ 9 ಮೀಟರಿಗೆ ನಿಲ್ಲುತ್ತೀರಿ. ಗಟ್ಟಿ ಹಿಮದಲ್ಲಿ 31 ಮೀಟರ್ ಬೇಕು. ನೀರ್ಗಲ್ಲಿನ ಮೇಲೆ 60 ಮೀಟರ್ ದಾಟುತ್ತದೆ. ಇದೆಲ್ಲ ಬ್ರೇಕ್ ಕಚ್ಚಿದ ಮೇಲಿನ ದೂರ. ಕಣ್ಣು ಕಂಡು ಕಾಲು ಪೆಡಲಿಗೆ ಹೋಗುವ ಆ ಒಂದು ಸೆಕೆಂಡಿನಲ್ಲೇ 11 ಮೀಟರ್ ಕಳೆದಿರುತ್ತದೆ.

ಇದು ಸಮತಟ್ಟಾದ ರಸ್ತೆಯ ಮಾತು. ಮನಾಲಿಯ ಆಚೆ ಸಮತಟ್ಟು ಹುಡುಕಬೇಕು. ಹತ್ತು ಅಡಿಗೆ ಒಂದಡಿ ಏರುವ ಇಳಿಜಾರನ್ನು ತೆಗೆದುಕೊಳ್ಳಿ, ಘಟ್ಟದ ರಸ್ತೆಗಳಲ್ಲಿ ಇದೇನೂ ವಿಶೇಷವಲ್ಲ. 2ಎಚ್‌ನಲ್ಲಿ, ಅಂದರೆ ಹಿಂದಿನ ಎರಡೇ ಚಕ್ರಗಳ ಬಲದಲ್ಲಿ, ವಾಹನದ ಅರ್ಧ ಭಾರ ಮಾತ್ರ ಎಳೆತಕ್ಕೆ ಒದಗುತ್ತದೆ. ಗಟ್ಟಿ ಹಿಮದಲ್ಲಿ ಈ ಏರನ್ನು ಅದು ಹತ್ತಿದರೂ ಹತ್ತಿತು, ಹತ್ತದಿದ್ದರೂ ಇಲ್ಲ. 4ಎಚ್‌ಗೆ ಹಾಕಿದರೆ ಪೂರ್ತಿ ಭಾರ ಎಳೆತಕ್ಕೆ ಬರುತ್ತದೆ, ಅದರ ಎರಡರಷ್ಟು ಕಡಿದಾದ ಏರನ್ನೂ ಹತ್ತುವ ಶಕ್ತಿ ಬರುತ್ತದೆ. ಇಲ್ಲಿಯವರೆಗೆ ಸಂತೋಷ. ಈಗ ಅದೇ ದಾರಿಯಲ್ಲಿ ಕೆಳಗಿಳಿಯಬೇಕು. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ, ಇರುವ ಅಷ್ಟಿಷ್ಟು ಹಿಡಿತದಲ್ಲಿ ಅರ್ಧವನ್ನು ಇಳಿಜಾರೇ ತಿಂದುಬಿಡುತ್ತದೆ. ಸಮತಟ್ಟಿನಲ್ಲಿ 31 ಮೀಟರಿಗೆ ನಿಲ್ಲುತ್ತಿದ್ದ ವಾಹನ ಇಲ್ಲಿ 60 ಮೀಟರ್ ದಾಟಿ ನಿಲ್ಲುತ್ತದೆ. ಐದಕ್ಕೆ ಒಂದರ ಇಳಿಜಾರಾದರೆ? 4ಎಚ್‌ನಲ್ಲಿ ಹೇಗೋ ಹತ್ತಿಬಿಡಬಹುದಾದ ಆ ದಾರಿಯಲ್ಲಿ ಇಳಿಯುವಾಗ ಬ್ರೇಕ್ ಎಷ್ಟು ತುಳಿದರೂ ವಾಹನ ನಿಲ್ಲುವುದಿಲ್ಲ, ಜಾರುತ್ತಲೇ ಹೋಗುತ್ತದೆ.

ಹಿಮದಲ್ಲಿ ಫೋರ್ ಬೈ ಫೋರ್‌ನ ಅಪಾಯವೆಲ್ಲ ಇರುವುದು ಇಲ್ಲಿಯೇ. ನಿಲ್ಲಿಸಲಾಗದ ಜಾಗದವರೆಗೆ ಅದು ನಿಮ್ಮನ್ನು ಕೊಂಡೊಯ್ಯುತ್ತದೆ. ಸಾಧಾರಣ ಕಾರು ಮೊದಲ ದಿಬ್ಬದಲ್ಲೇ ಸೋತು ತನ್ನ ಯಜಮಾನನನ್ನು ಕಾಪಾಡುತ್ತದೆ. ಆದ್ದರಿಂದ ನಿಮಗೆ ನಾನು ಹೇಳುವ ಮೊದಲ ನಿಯಮ: ಏರು ಕಂಡಾಗ ಹತ್ತಬಲ್ಲೆನೇ ಎಂದು ಕೇಳಿಕೊಳ್ಳಬೇಡಿ, ಇದೇ ರಸ್ತೆಯಲ್ಲಿ ಸಂಜೆ ಇಳಿಯಬಲ್ಲೆನೇ ಎಂದು ಕೇಳಿಕೊಳ್ಳಿ.

ಹಿಡಿತ ತಪ್ಪುವುದೆಂದರೆ ಹೇಗಿರುತ್ತದೆ ಎಂಬುದರ ರುಚಿ ನಿಮಗೆ ಆಗಲೇ ಗೊತ್ತಿರಬೇಕು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯ ಉದ್ದಕ್ಕೂ ಹುರುಳಿ ಹಾಸಿ, ಹೋಗಿ ಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರಲ್ಲ, ಅದರ ಮೇಲೆ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತಾಗುವ ಆ ಕ್ಷಣವನ್ನು ನೆನಪಿಸಿಕೊಳ್ಳಿ. ಅಲ್ಲಿ ಇಪ್ಪತ್ತು ಮೂವತ್ತು ಮಾರು ಹೋದರೆ ಮತ್ತೆ ಡಾಂಬರು ಸಿಗುತ್ತದೆ. ಹಿಮದ ರಸ್ತೆಯಲ್ಲಿ ಮೈಲಿಗಟ್ಟಲೆ ಅದೇ.

ಗದ್ದೆಯ ಕೆಸರಿನ ಅನುಭವ ಮಾತ್ರ ಅಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ. ಹಿಡಿಯುವುದು ಹಾಗಿರಲಿ, ಕೆಡಿಸುವ ಸಂಭವವೇ ಹೆಚ್ಚು. ಕೆಸರಿನಲ್ಲಿ ಚಕ್ರ ಅಗೆದುಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ, ಜೋರಾಗಿ ತಿರುಗಿದರೆ ಟಯರಿನ ತೋಡುಗಳಲ್ಲಿ ಮೆತ್ತಿದ ಮಣ್ಣು ಸಿಡಿದು ಮತ್ತೆ ಹಿಡಿತ ಬರುತ್ತದೆ. ಆಕ್ಸಿಲರೇಟರ್ ಬಿಡದೆ ಒತ್ತಿ ಹೊರಬರುವುದು ಅಲ್ಲಿ ಜಾಣತನ. ಹಿಮದಲ್ಲಿ ಹಾಗೆ ಚಕ್ರ ತಿರುಗಿಸಿದರೆ ಅದರ ಬಿಸಿಗೆ ಹಿಮ ಕರಗಿ, ಮರುಕ್ಷಣವೇ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ನಿಮ್ಮ ಗುಂಡಿಯನ್ನು ನೀವೇ ನಯಗೊಳಿಸಿಕೊಂಡಂತೆ. ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತು ಎಂದು ತಿಳಿದ ಕೂಡಲೇ ಕಾಲು ತೆಗೆಯಿರಿ. ಸಲಿಕೆಯಿಂದ ಚಕ್ರದ ಮುಂದಿನ ಹಿಮ ಸರಿಸಿ, ಸ್ಟೀರಿಂಗ್ ನೇರ ಮಾಡಿ, ಕಾಲಡಿಯ ಮ್ಯಾಟನ್ನೋ ಒಂದಿಷ್ಟು ಮರಳನ್ನೋ ಚಕ್ರದಡಿಗೆ ಕೊಟ್ಟು, ಎರಡನೇ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಹೊರಡಿ. ಮೊದಲ ಗೇರಿನ ಬಲ ಅಲ್ಲಿ ಹೆಚ್ಚಾಗುತ್ತದೆ.

ಇನ್ನು 4ಎಚ್, 4ಎಲ್ ಪ್ರಶ್ನೆ. ನಿಮ್ಮ ಥಾರ್, ಹಾಗೆಯೇ ಜಿಮ್ನಿ, ಇವು ಬೇಕಾದಾಗ ಮಾತ್ರ ಮುಂದಿನ ಚಕ್ರಗಳನ್ನು ಸೇರಿಸಿಕೊಳ್ಳುವ ವಾಹನಗಳು. 4ಎಚ್‌ಗೆ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಹಿಮದ ಮೇಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸಿಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಜಾರಲಾಗದೆ ಆ ಬಿಗಿತವೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಗಡುಸಾಗುತ್ತದೆ, ತಿರುವಿನಲ್ಲಿ ವಾಹನ ಹಿಡಿದು ಹಿಡಿದು ಬಿಟ್ಟಂತೆ ಜಗ್ಗುತ್ತದೆ, ಲಿವರ್ 2ಎಚ್‌ಗೆ ಬರಲು ಹಟ ಮಾಡುತ್ತದೆ. ಮನಾಲಿಯಿಂದ ಸಿಸ್ಸುವಿನ ದಾರಿಯಲ್ಲಿ ಇದು ದಿನನಿತ್ಯದ ಸಮಸ್ಯೆ. ಬಿಸಿಲು ಬಿದ್ದ ತಿರುವು ಒಣಗಿರುತ್ತದೆ, ನೆರಳಿನ ತಿರುವಿನಲ್ಲಿ ಹಿಮ ಗಟ್ಟಿಯಾಗಿರುತ್ತದೆ, 9.02 ಕಿಲೋಮೀಟರ್ ಉದ್ದದ ಸುರಂಗದೊಳಗೆ ಹಿಮವೇ ಇರುವುದಿಲ್ಲ. ರಸ್ತೆ ಬಹುಪಾಲು ಬಿಳಿ ಇದ್ದರೆ 4ಎಚ್, ಬಹುಪಾಲು ಕಪ್ಪು ಇದ್ದರೆ 2ಎಚ್ ಎಂದು ಇಟ್ಟುಕೊಳ್ಳಿ. ಸುರಂಗದೊಳಗೆ ಒಣಗಿದ್ದರೆ 2ಎಚ್‌ಗೆ ಬನ್ನಿ, ಆದರೆ ಹೊರಬಾಯಿ ಬರುವ ಮುನ್ನವೇ, ನೇರ ರಸ್ತೆಯಲ್ಲೇ, ಮತ್ತೆ 4ಎಚ್‌ಗೆ ಹಾಕಿ. ಬೆಳಕಿಗೆ ಬಂದ ಕೂಡಲೇ ನೀರ್ಗಲ್ಲು ಕಾದಿರಬಹುದು. ಓಡುತ್ತಿರುವಾಗ ಎಷ್ಟು ವೇಗದವರೆಗೆ 4ಎಚ್ ಹಾಕಬಹುದು ಎಂಬುದು ನಿಮ್ಮ ವಾಹನದ ಕೈಪಿಡಿಯಲ್ಲಿದೆ. ಕೈಪಿಡಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಸಮೇತ ಇರುತ್ತದೆ, ಬಹಳ ಜನ ಅದನ್ನು ತೆರೆದೇ ಇರುವುದಿಲ್ಲ.

4ಎಚ್‌ನಲ್ಲಿ ಇನ್ನೊಂದು ಗುಣ ಗಮನಿಸಿ. ಎರಡೂ ಆಕ್ಸಲ್ ಬಿಗಿದಿರುವುದರಿಂದ ಹೇರ್‌ಪಿನ್ ತಿರುವಿನಲ್ಲಿ ಮೂತಿ ತಿರುಗುವ ಬದಲು ನೇರಕ್ಕೆ ನೂಕಿಕೊಂಡು ಹೋಗಲು ನೋಡುತ್ತದೆ. ಆಗ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುವುದು ಎಲ್ಲರೂ ಮಾಡುವ ಕೆಲಸ, ಅದರಿಂದ ಏನೂ ಆಗುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ಎತ್ತಿ, ಸ್ಟೀರಿಂಗನ್ನು ಸ್ವಲ್ಪ ಹಿಂದಕ್ಕೆ ಬಿಡಿ. ಮುಂದಿನ ಚಕ್ರಗಳು ಉರುಳಲು ಶುರು ಮಾಡಿದರೆ ಹಿಡಿತ ಮರಳುತ್ತದೆ. ಹಿಂಭಾಗ ಜಾರಿದರೆ ಅದು ಜಾರಿದ ಕಡೆಗೇ ಸ್ಟೀರಿಂಗ್ ಕೊಡಿ, ಕಣ್ಣು ಮಾತ್ರ ನೀವು ಹೋಗಬೇಕಾದ ಕಡೆಗಿರಲಿ, ಕಣಿವೆಯ ಕಡೆಗಲ್ಲ.

ಹಿಂದಿನ ಡಿಫರೆನ್ಷಿಯಲ್ ಲಾಕ್ ಇರುವ ವಾಹನದವರು ಒಂದು ಮಾತು ತಿಳಿದಿರಬೇಕು. ಲಾಕ್ ಇಲ್ಲದ ಆಕ್ಸಲ್‌ನಲ್ಲಿ ಒಂದು ಚಕ್ರ ಸುಮ್ಮನೆ ತಿರುಗಿದರೂ ಇನ್ನೊಂದು ತಣ್ಣಗಿದ್ದು ವಾಹನ ಪಕ್ಕಕ್ಕೆ ಜಾರದಂತೆ ಹಿಡಿದಿರುತ್ತದೆ. ಲಾಕ್ ಕಚ್ಚಿಕೊಂಡಾಗ ಎರಡೂ ಒಟ್ಟಿಗೆ ತಿರುಗುತ್ತವೆ, ಪಕ್ಕದ ಹಿಡಿತವೂ ಹೋಗುತ್ತದೆ. ರಸ್ತೆ ಕಣಿವೆಯ ಕಡೆಗೆ ವಾಲಿದ್ದರೆ ಹಿಂಭಾಗ ಆ ಕಡೆಗೇ ಸರಿಯುತ್ತದೆ. ಕೆಸರಿನಲ್ಲಿ ಪ್ರಾಣ ಉಳಿಸುವ ಸಾಧನ ನೀರ್ಗಲ್ಲಿನ ಮೇಲೆ ಹೀಗೆ ಕೈ ಕೊಡಬಲ್ಲದು.

(ಗ್ರ್ಯಾಂಡ್ ವಿಟಾರ, ಹೈರೈಡರ್‌ನ ಆಲ್ ವೀಲ್ ಡ್ರೈವ್ ಮಾದರಿಗಳನ್ನು ಇಟ್ಟುಕೊಂಡವರು ಲಿವರ್ ಹುಡುಕುವ ಅಗತ್ಯವಿಲ್ಲ. ಅವು ಜಾರುವಿಕೆ ಕಂಡಾಗ ತಾವೇ ಹಿಂದಿನ ಚಕ್ರಗಳಿಗೆ ಬಲ ಕಳಿಸುತ್ತವೆ, ಸ್ನೋ ಎಂಬ ಆಯ್ಕೆಯೂ ಇದೆ. ಹಿಮದ ರಸ್ತೆಗೆ ಸಾಕಾಗುತ್ತವೆ. ಇಲ್ಲದಿರುವುದು ಲೋ ರೇಂಜ್, ಅಂದರೆ 4ಎಲ್, ಅದರ ಕೊರತೆ ಕಾಣುವುದು ಕಡಿದಾದ ಇಳಿಜಾರಿನಲ್ಲಿ.)

4ಎಲ್ ಇರುವುದು ಹತ್ತುವುದಕ್ಕೆ ಎಂದೇ ಬಹಳ ಜನ ತಿಳಿದಿದ್ದಾರೆ. ಹಿಮದಲ್ಲಿ ಅದರ ನಿಜವಾದ ಬೆಲೆ ಇಳಿಯುವಾಗ ತಿಳಿಯುತ್ತದೆ. ಇಳಿಜಾರಿನಲ್ಲಿ ಫೋರ್ ಬೈ ಫೋರ್‌ನಿಂದ ಒಂದು ಉಪಕಾರವಿದ್ದರೆ ಅದು ಇದೇ: ಎಂಜಿನ್ನಿನ ತಡೆ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ. 2ಎಚ್‌ನಲ್ಲಿ ಅದೇ ತಡೆ ಹಿಂದಿನ ಎರಡು ಚಕ್ರಗಳ ಮೇಲಷ್ಟೇ ಬಿದ್ದು, ಅವು ಜಾರಿ, ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮುನ್ನ, ಸಮತಟ್ಟಾದ ಕಡೆ, ಪೂರ್ತಿ ನಿಲ್ಲಿಸಿ 4ಎಲ್‌ಗೆ ಹಾಕಿ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಬಲ್ಲ ಮೈಸೂರಿನವರಿಗೆ ಗೇರಿನಲ್ಲೇ ಇಳಿಸುವುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಒಂದು ವ್ಯತ್ಯಾಸವಿದೆ. ಅಲ್ಲಿ ಗೇರು ಕಡಿಮೆಯಾದಷ್ಟೂ ಒಳ್ಳೆಯದು. ನೀರ್ಗಲ್ಲಿನ ಮೇಲೆ 4ಎಲ್‌ನ ಮೊದಲ ಗೇರು ಎಷ್ಟು ಬಲವಾಗಿ ತಡೆಯುತ್ತದೆಂದರೆ ಚಕ್ರಗಳೇ ನಿಂತು ಜಾರತೊಡಗಬಹುದು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಬಿಡಿಸಬಲ್ಲದ್ದು ಬ್ರೇಕಿನ ಹಿಡಿತವನ್ನು, ಎಂಜಿನ್ನಿನ ಹಿಡಿತ ಅದರ ಕೈಯಲ್ಲಿಲ್ಲ. ಅಂಥ ಕಡೆ 4ಎಲ್‌ನ ಎರಡನೇ ಗೇರು ಹಾಕಿ, ನಡಿಗೆಯ ವೇಗದಲ್ಲಿ ಇಳಿಯಿರಿ. ಚಕ್ರ ನಿಂತು ಜಾರುತ್ತಿದೆ ಎನಿಸಿದರೆ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ. ಇಳಿಜಾರಿನಲ್ಲಿ ಜಾರುವಾಗ ಆಕ್ಸಿಲರೇಟರ್ ಒತ್ತಿ ಎಂದರೆ ಹುಚ್ಚು ಮಾತಿನಂತೆ ಕೇಳಿಸುತ್ತದೆ. ಉರುಳುವ ಚಕ್ರಕ್ಕೆ ಮಾತ್ರ ಸ್ಟೀರಿಂಗ್ ಒಲಿಯುತ್ತದೆ ಎಂಬುದಷ್ಟೇ ಇದರ ಹಿಂದಿನ ತರ್ಕ. ಕ್ಲಚ್ ಮಾತ್ರ ಒತ್ತಬೇಡಿ, ಒತ್ತಿದ ಕ್ಷಣ ಎಂಜಿನ್ನಿನ ತಡೆ ಪೂರ್ತಿ ಹೋಯಿತು.

ಬ್ರೇಕ್ ತುಳಿದಾಗ ಪೆಡಲ್ ಕಾಲಿನಡಿ ಗಡಗಡ ನಡುಗಿದರೆ ಹೆದರಿ ಕಾಲೆತ್ತಬೇಡಿ. ಎಬಿಎಸ್ ತನ್ನ ಕೆಲಸ ಮಾಡುತ್ತಿದೆ. ಸಡಿಲ ಹಿಮದಲ್ಲಿ ಎಬಿಎಸ್ ಇರುವ ವಾಹನ ನಿಲ್ಲಲು ಇನ್ನೂ ಸ್ವಲ್ಪ ಹೆಚ್ಚು ದೂರ ತೆಗೆದುಕೊಳ್ಳುತ್ತದೆ, ಯಾಕೆಂದರೆ ನಿಂತ ಚಕ್ರದ ಮುಂದೆ ಕೂಡುವ ಹಿಮದ ದಿಣ್ಣೆ ಇಲ್ಲಿ ಕೂಡುವುದಿಲ್ಲ. ಅದಕ್ಕೆ ಬದಲಾಗಿ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಕೆಲವು ವಾಹನಗಳಲ್ಲಿ 4ಎಲ್‌ಗೆ ಹಾಕಿದಾಗ ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳು ತಾವಾಗಿಯೇ ಆಫ್ ಆಗುತ್ತವೆ. ಮೀಟರಿನಲ್ಲಿ ಯಾವ ದೀಪ ಹತ್ತಿತೆಂದು ಮನೆಯ ಮುಂದೆಯೇ ಒಮ್ಮೆ ನೋಡಿಕೊಳ್ಳಿ.

ಈಗ ಟಯರ್. ನನ್ನನ್ನು ಕೇಳಿದರೆ ಹಿಮದಲ್ಲಿ ಟಯರ್ ಮೊದಲು, ಫೋರ್ ಬೈ ಫೋರ್ ಆಮೇಲೆ. ಒಳ್ಳೆಯ ಹಿಮದ ಟಯರ್ ಹಾಕಿದ ಸಾಧಾರಣ ಕಾರು, ಸವೆದ ಟಯರಿನ ಫೋರ್ ಬೈ ಫೋರ್‌ಗಿಂತ ಬೇಗ ನಿಲ್ಲುತ್ತದೆ. ಮಾಮೂಲಿ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ. ಹಿಮದ ಟಯರಿನ ರಬ್ಬರು ಆ ಚಳಿಯಲ್ಲೂ ಮೆದುವಾಗಿರುತ್ತದೆ. ಅದರ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಅಚ್ಚಾಗಿರುತ್ತದೆ. ಹಿಮದ ಮೇಲೆ ಪರೀಕ್ಷಿಸಿ ಪಾಸಾದ ಟಯರಿಗೆ ಮಾತ್ರ ಆ ಗುರುತು. ಎಂ ಪ್ಲಸ್ ಎಸ್ ಎಂಬ ಅಕ್ಷರ ಕಂಡು ಸಮಾಧಾನಪಡಬೇಡಿ, ಅದು ತೋಡುಗಳ ವಿನ್ಯಾಸವನ್ನು ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು. ನೋಡಲು ಭರ್ಜರಿಯಾದ ಮಡ್ ಟೆರೇನ್ ಟಯರುಗಳು ನೀರ್ಗಲ್ಲಿನ ಮೇಲೆ ಎಲ್ಲಕ್ಕಿಂತ ಕಳಪೆ. ಹಾಕಿಸಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.

ಮದ್ದೂರಿನಿಂದ ಮನಾಲಿಗೆ ಸುಮಾರು 2,700 ಕಿಲೋಮೀಟರ್. ಅದರಲ್ಲಿ ಹಿಮ ಸಿಗುವುದು ಕೊನೆಯ ಕೆಲವು ಕಿಲೋಮೀಟರ್ ಮಾತ್ರ. ಅಷ್ಟಕ್ಕಾಗಿ ನಾಲ್ಕು ಹಿಮದ ಟಯರ್ ತರಿಸಿ, ನಾಗಪುರದ ಹೆದ್ದಾರಿಯಲ್ಲಿ ಅವನ್ನು ಸವೆಸಿ ಎಂದು ನಾನು ಹೇಳುವುದಿಲ್ಲ. ಕಂಪನಿಯಿಂದ ಬಂದ ಆಲ್ ಟೆರೇನ್ ಟಯರ್ ತೋಡಿನ ಆಳವನ್ನು ಅರ್ಧಕ್ಕಿಂತ ಹೆಚ್ಚು ಉಳಿಸಿಕೊಂಡಿದ್ದರೆ ಅದರಲ್ಲೇ ಹೋಗಿ, ಹಿಮಕ್ಕೆ ಚೈನ್ ಇಟ್ಟುಕೊಳ್ಳಿ. ಗಾಳಿಯನ್ನು ಮನಾಲಿಯಲ್ಲಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿಸಿ, ಕಂಪನಿ ಹೇಳಿದಷ್ಟೇ ಇರಲಿ.

ಚೈನ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಒಂದು ಜೊತೆ ಸಾಲದು, ಎರಡು ಜೊತೆ ಬೇಕು. ಮುಂದಿನ ಚಕ್ರಗಳಿಗೆ ಮಾತ್ರ ಹಾಕಿದರೆ ಇಳಿಜಾರಿನಲ್ಲಿ ಮುಂಭಾಗ ಕಚ್ಚಿ ನಿಂತು, ಹಿಂಭಾಗ ತಿರುಗಿ ಬರುತ್ತದೆ. ಹಿಂದಿನವಕ್ಕೆ ಮಾತ್ರ ಹಾಕಿದರೆ ಏರು ಹತ್ತುತ್ತೀರಿ, ಆದರೆ ತಿರುವಿನಲ್ಲಿ ಸ್ಟೀರಿಂಗ್ ಹೇಳಿದ ಮಾತು ಕೇಳುವುದಿಲ್ಲ. ಒಂದೇ ಜೊತೆ ಇದ್ದಾಗ ಯಾವ ಚಕ್ರಕ್ಕೆ ಎಂಬುದನ್ನು ವಾಹನದ ಕೈಪಿಡಿಯೇ ತೀರ್ಮಾನಿಸಲಿ. ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತವೆ, ಕಟ್ಟಿಕೊಡುವವರೂ ಇದ್ದಾರೆ. ಹಿಮ ಬಿದ್ದ ಬೆಳಿಗ್ಗೆ ಎಲ್ಲರೂ ಅದಕ್ಕೇ ಮುಗಿಬಿದ್ದಾಗ ನಿಮ್ಮ ಟಯರಿನ ಅಳತೆಯದು ಸಿಗುವುದು ಅದೃಷ್ಟದ ಮಾತು. ಅಳತೆ ಸರಿಯಿಲ್ಲದ ಚೈನ್ ಬಿಚ್ಚಿಕೊಂಡು ಬ್ರೇಕ್ ಪೈಪಿಗೆ ಬಡಿದರೆ ಇರುವ ಬ್ರೇಕೂ ಹೋಗುತ್ತದೆ. ಟಯರಿನ ಪಕ್ಕದಲ್ಲಿರುವ ಅಳತೆ ಬರೆದುಕೊಂಡು ಮೊದಲೇ ಕೊಳ್ಳಿ.

ಕೊಂಡ ಮೇಲೆ ನಿಮ್ಮ ಅಂಗಳದಲ್ಲೇ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಚೈನನ್ನು ನೆಲದ ಮೇಲೆ ಗೋಜಲಿಲ್ಲದೆ ಹರಡಿ, ಟಯರಿನ ಮೇಲಿಂದ ಹೊದಿಸಿ, ಮೊದಲು ಒಳಬದಿಯ ಕೊಂಡಿ, ಆಮೇಲೆ ಹೊರಬದಿಯದು. ಒಳಗಿನ ಕೊಂಡಿಗೆ ಕೈ ಹಾಕಲು ಚಕ್ರದ ಹಿಂದೆ ಮುಖ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳಿನಿಂದಲೇ ಹುಡುಕಬೇಕು. ಬಿಸಿಲಿನಲ್ಲಿ, ಲುಂಗಿಯುಟ್ಟು ಮಾಡುವಾಗಲೇ ಇದು ತಾಳ್ಮೆ ಕೆಡಿಸುವ ಕೆಲಸ. ಕೈಬೆರಳು ಮರಗಟ್ಟಿ, ಹಿಂದೆ ಹಾರ್ನ್ ಬಡಿಯುವವರ ಸಾಲು ನಿಂತಿರುವಾಗ ಕಲಿಯುವುದಂತೂ ಆಗದ ಮಾತು. ರಬ್ಬರ್ ಲೇಪಿಸಿದ ಕೈಗವಸು ಮತ್ತು ಮಂಡಿಯಡಿಗೆ ಹಾಕಲು ಒಂದು ಗೋಣಿಚೀಲ ಜೊತೆಗಿರಲಿ. ಕಟ್ಟಿದ ಮೇಲೆ ನೂರಿನ್ನೂರು ಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿಯಿರಿ, ಆಗಲೇ ಅದು ಸರಿಯಾಗಿ ಕೂರುವುದು. ವೇಗ 30-40 ದಾಟಬಾರದು. ಡಾಂಬರು ಬಂದ ಕೂಡಲೇ ಬಿಚ್ಚಬೇಕು. ಏರಿನ ನಡುವೆ ಸಿಕ್ಕಿಕೊಂಡ ಮೇಲೆ ಕಟ್ಟುತ್ತೇನೆ ಎಂದುಕೊಳ್ಳಬೇಡಿ, ಏರಿಗೆ ಮುಂಚಿನ ಸಮತಟ್ಟಿನಲ್ಲಿ ಕಟ್ಟಿ.

ಗ್ಯಾರೇಜಿನಲ್ಲಿ ಮಾಡಿಸಬೇಕಾದ ಕೆಲಸಗಳಲ್ಲಿ ಮೊದಲನೆಯದು ಕೂಲಂಟ್. ನಮ್ಮ ಕಡೆ ರೇಡಿಯೇಟರ್ ಕಡಿಮೆಯಾದರೆ ಬೋರ್‌ವೆಲ್ ನೀರನ್ನೇ ಸುರಿಯುವ ರೂಢಿ. ಮಂಡ್ಯ, ಮೈಸೂರಿನ ಹವೆಯಲ್ಲಿ ಅದರಿಂದ ತುಕ್ಕು, ಉಪ್ಪು ಕಟ್ಟುವುದಷ್ಟೇ ಹೊರತು ಬೇರೆ ಅನಾಹುತವಿಲ್ಲ. ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಸಿಸ್ಸುವಿನ ಒಂದು ರಾತ್ರಿಯಲ್ಲಿ ಅದು ರೇಡಿಯೇಟರನ್ನಷ್ಟೇ ಅಲ್ಲ, ಎಂಜಿನ್ ಬ್ಲಾಕನ್ನೂ ಸೀಳಬಲ್ಲದು. ಹಳೆಯದನ್ನೆಲ್ಲ ಇಳಿಸಿ, ಎಥಿಲೀನ್ ಗ್ಲೈಕಾಲ್ ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಹಾಕಿಸಿ. ಈ ಮಿಶ್ರಣ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಹಾಗಾದರೆ ನೀರೇ ಬೇಡ, ಬರೀ ಕೂಲಂಟ್ ಸುರಿಯೋಣ ಎಂದು ಮೆಕ್ಯಾನಿಕ್ ಉತ್ಸಾಹ ತೋರಿದರೆ ತಡೆಯಿರಿ. ಶುದ್ಧ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ, ನೀರು ಬೆರೆತಾಗಲೇ ಅದರ ಶಕ್ತಿ. ಡಬ್ಬಿಯ ಮೇಲೆ ಮೊದಲೇ ಬೆರೆಸಿದ್ದು ಎಂದಿದ್ದರೆ ಮಾತ್ರ ಹಾಗೆಯೇ ಸುರಿಯಬಹುದು. ಗಾಜು ತೊಳೆಯುವ ನೀರಿನ ತೊಟ್ಟಿಗೂ ಇದೇ ಎಚ್ಚರ ಬೇಕು, ಅದಕ್ಕೆ ಚಳಿಯಲ್ಲಿ ಹೆಪ್ಪುಗಟ್ಟದ ವಾಷರ್ ದ್ರವ ಹಾಕಿ.

ಬ್ಯಾಟರಿ ಮೂರು ವರ್ಷ ದಾಟಿದ್ದರೆ ಲೋಡ್ ಟೆಸ್ಟ್ ಮಾಡಿಸಿ. ಚಳಿಗೆ ಅದರ ಶಕ್ತಿ ಕುಗ್ಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ದಪ್ಪವಾಗಿ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಡೀಸೆಲ್‌ನಲ್ಲಿ ಮೇಣದ ಅಂಶವಿದೆ, ಕಡು ಚಳಿಯಲ್ಲಿ ಅದು ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಇದಕ್ಕೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗಾಗಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ತಂದಿತು. ನಿಮ್ಮ ದಾರಿಗೆ ಅಷ್ಟು ಬೇಡ. ಮನಾಲಿ ತಲುಪಿದ ಸಂಜೆಯೇ ಅಲ್ಲಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಬಿಡಿ, ಡೀಸೆಲ್ ಫಿಲ್ಟರ್ ಹೊಸದಿರಲಿ. ಸೀಮೆಎಣ್ಣೆ ಬೆರೆಸಿ ಎಂದು ಹಳೆಯ ಲಾರಿ ಡ್ರೈವರುಗಳು ಹೇಳಿದರೆ ಕೇಳಬೇಡಿ, ಬಿಎಸ್6 ಎಂಜಿನ್ನಿನ ಇಂಜೆಕ್ಟರುಗಳಿಗೆ ಅದು ವಿಷ. ಹೊಗೆಯನ್ನು ಶುದ್ಧಗೊಳಿಸುವ ಡಿಇಎಫ್ ದ್ರವದ ತೊಟ್ಟಿಯಿರುವ ವಾಹನವಾದರೆ ಆ ದ್ರವ ಮೈನಸ್ 11ಕ್ಕೆ ಹೆಪ್ಪುಗಟ್ಟುತ್ತದೆ, ಕಂಠಮಟ್ಟ ತುಂಬಿಸಬೇಡಿ.

ರಾತ್ರಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಒದ್ದೆ ಬ್ರೇಕು ಬೆಳಗಾಗುವುದರೊಳಗೆ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ಕಡೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ವೈಪರ್ ಎತ್ತಿಡಿ. ಬೆಳಿಗ್ಗೆ ಗಾಜಿಗೆ ಬಿಸಿನೀರು ಸುರಿಯಬೇಡಿ, ಸೀಳುತ್ತದೆ.

ಮಕ್ಕಳಿರುವುದರಿಂದ ಇದನ್ನು ಒತ್ತಿ ಹೇಳುತ್ತೇನೆ. ಹಿಮದಲ್ಲಿ ಸಿಕ್ಕಿಕೊಂಡು ವಾಹನದಲ್ಲೇ ಕಾಯಬೇಕಾಗಿ ಬಂದರೆ, ಹೀಟರ್‌ಗಾಗಿ ಎಂಜಿನ್ ಓಡಿಸಿಟ್ಟು ಗಾಜು ಏರಿಸಿ ನಿದ್ದೆ ಹೋಗಬೇಡಿ. ಸೈಲೆನ್ಸರಿನ ಬಾಯಿಗೆ ಹಿಮ ಕಟ್ಟಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದ ಬಳಿ ಹಿಮದಲ್ಲಿ ಸಿಲುಕಿದ ಕಾರುಗಳಲ್ಲಿ 20ಕ್ಕೂ ಹೆಚ್ಚು ಪ್ರವಾಸಿಗರು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಆಗಾಗ ಇಳಿದು ಸೈಲೆನ್ಸರಿನ ಸುತ್ತ ಹಿಮ ತೆಗೆಯಿರಿ, ಗಾಳಿ ಬೀಸದ ಕಡೆಯ ಗಾಜನ್ನು ಎರಡು ಬೆರಳಿನಷ್ಟು ಇಳಿಸಿಡಿ, ಎಂಜಿನ್ನನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಓಡಿಸಿ. ಕಂಬಳಿ, ನೀರು, ತಿನ್ನಲು ಏನಾದರೂ, ಸಲಿಕೆ, ಟಾರ್ಚು ಇವೆಲ್ಲ ಸೀಟಿನ ಹಿಂದೆ ಕೈಗೆಟುಕುವಂತಿರಲಿ.

ಕೊನೆಯದಾಗಿ ಟ್ಯಾಕ್ಸಿಯ ಪ್ರಶ್ನೆ. ವಾಹನವನ್ನು ಮನಾಲಿಯವರೆಗೆ ತೆಗೆದುಕೊಂಡು ಹೋಗಿ, ಅದರಲ್ಲಿ ಎರಡು ಮಾತಿಲ್ಲ. ಸಿಸ್ಸುವಿಗೆ ಹೋಗುವುದನ್ನು ಅಂದಂದಿನ ಹವೆ ನೋಡಿ ನಿರ್ಧರಿಸಿ. ಹಿಮ ಬಿದ್ದ ದಿನ ಪೊಲೀಸರು ಮನಾಲಿಯ ಆಚೆ ನೆಹರೂ ಕುಂಡ್ ಅಥವಾ ಸೋಲಂಗ್ ಬಳಿ ತಡೆದು ಫೋರ್ ಬೈ ಫೋರ್ ವಾಹನಗಳನ್ನು ಮಾತ್ರ ಬಿಡುವುದುಂಟು. ಅವರು ಬಿಟ್ಟರೆಂದ ಮಾತ್ರಕ್ಕೆ ನೀವು ಹೋಗಲೇಬೇಕೆಂದಿಲ್ಲ. 2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ನೂರಾರು ವಾಹನಗಳು ಸಿಕ್ಕಿಹಾಕಿಕೊಂಡಿದ್ದವು. ಅಂಥ ಸಾಲಿನಲ್ಲಿ ನಿಮ್ಮ ವಾಹನ ಎಷ್ಟೇ ಸಮರ್ಥವಾಗಿದ್ದರೂ, ಮೇಲಿನಿಂದ ಅಡ್ಡಡ್ಡ ಜಾರಿ ಬರುವ ಬೇರೆಯವರ ಕಾರಿಗೆ ನೀವು ಗುರಿಯೇ. ಹಿಮ ಬೀಳುತ್ತಿರುವ ದಿನ ಅಥವಾ ಅದರ ಮರುದಿನ ಹೋಗಲೇಬೇಕೆಂದರೆ ಹಳದಿ ಬೋರ್ಡಿನ ಸ್ಥಳೀಯ ಫೋರ್ ಬೈ ಫೋರ್ ಟ್ಯಾಕ್ಸಿ ಮಾಡಿಕೊಳ್ಳಿ. ಯಾವ ತಿರುವಿನ ನೆರಳಿನಲ್ಲಿ ಮಧ್ಯಾಹ್ನವೂ ನೀರ್ಗಲ್ಲು ಕರಗುವುದಿಲ್ಲ ಎಂಬುದನ್ನು ಆ ಚಾಲಕರು ಬಲ್ಲರು. ಹಿಮಪಾತದ ಎಚ್ಚರಿಕೆ ಇದ್ದರೆ ಟ್ಯಾಕ್ಸಿಯೂ ಬೇಡ.

ಹಿಮ ನಿಂತು, ರಸ್ತೆ ಗುಡಿಸಿ, ಎರಡು ದಿನ ಬಿಸಿಲು ಕಾದ ಮೇಲೆ ನಿಮ್ಮ ಥಾರ್‌ನಲ್ಲೇ ಹೋಗಿ. ಆಗಲೂ ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೊರಡಬೇಡಿ, ರಾತ್ರಿ ಹೆಪ್ಪುಗಟ್ಟಿದ್ದು ಅಷ್ಟು ಹೊತ್ತಿಗೆ ಸಡಿಲವಾಗಿರುತ್ತದೆ. ಸೇತುವೆಗಳು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ, ಮೇಲೆ ಬರೀ ಒದ್ದೆಯಂತೆ ಹೊಳೆಯುತ್ತಿದ್ದರೂ ನಂಬಬೇಡಿ. ಮುಂದಿನ ವಾಹನ ಏರು ಹತ್ತಿ ಮುಗಿಸುವವರೆಗೆ ಕೆಳಗೇ ಕಾಯಿರಿ. ಬಿಸಿಲಿಗೆ ಕರಗಿದ ನೀರು ಸಂಜೆ ಮತ್ತೆ ಗಟ್ಟಿಯಾಗುವ ಮುನ್ನ ಸೋಲಂಗ್‌ನಿಂದ ಕೆಳಗಿರಬೇಕು. ಸಿಸ್ಸುವಿನಿಂದ ಎರಡು ಗಂಟೆಗೇ ಹೊರಟುಬಿಡಿ, ಮಕ್ಕಳು ಇನ್ನೂ ಸ್ವಲ್ಪ ಹೊತ್ತು ಆಡುತ್ತೇವೆ ಎಂದು ಎಷ್ಟೇ ಅಂಗಲಾಚಿದರೂ.